ಯಾರ ಜೇಬಿನಿಂದ

ಬಾಟಲಿ ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಅದರ ಚಿಮಣಿಯನ್ನೂ ಕೆಡವಿ, ಆ ಜಾಗದಲ್ಲಿ ಯಾರೋ ಕಾರು ತೊಳೆಯುವ ಶೆಡ್ಡು ಹಾಕಿಕೊಂಡಿದ್ದರು. ಆದರೂ ಅಲ್ಲಿ ಯೂನಿಯನ್ ನಡೆಸಿದ್ದ ಅವನನ್ನು, ಅವನು ವಾಸವಿದ್ದ ನಾಲ್ಕು ಮಹಡಿಯ ಕಟ್ಟಡದಲ್ಲಿ ಎಲ್ಲರೂ ಲೀಡರ್ ಅಂತಲೇ ಕರೆಯುತ್ತಿದ್ದರು. ಅಂಚೆಯವನು ಸಹ ವಿಳಾಸ ಓದದೆ "ಲೀಡರಿಗೊಂದು ಕಾಗದ" ಎಂದು ಕೆಳಗಿನಿಂದಲೇ ಕೂಗುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಹೆಂಡತಿ, "ಸೈನ್ಯ ಓಡಿಹೋಗಿ ಯಾವ ಕಾಲ ಆಯ್ತು, ಸೇನಾಪತಿ ಮಾತ್ರ ಇನ್ನೂ ಕತ್ತಿ ಒರೆಸ್ತಾ ಕೂತಿದ್ದಾನೆ" ಅನ್ನುತ್ತಿದ್ದಳು.

ಅವಳಿಗೆ ಹಾಗೆ ಅನ್ನುವ ಹಕ್ಕಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ಕೈ ಸವೆಸಿದವಳು ಅವಳು. ಮುಷ್ಕರದ ಐವತ್ತು ದಿನ ಮನೆಯ ಒಲೆ ಉರಿದದ್ದು ಅವಳ ಸಂಬಳದಲ್ಲಿ. ಲೀಡರ್ ಗೇಟಿನ ಮುಂದೆ ಧಿಕ್ಕಾರ ಕೂಗಿ ಬಂದು ಗಂಟಲು ಕಟ್ಟಿಸಿಕೊಂಡು ಮಲಗಿದರೆ, ಉಪ್ಪುನೀರು ಕಾಯಿಸಿ ಕೊಟ್ಟವಳೂ ಅವಳೇ.

ಅವನಿಗೆ ಈಗ ಅರವತ್ತೇಳು. ಕುಲುಮೆಯ ಮುಂದೆ ನಿಂತು ನಿಂತು ಮೊಣಕಾಲಿನ ಚಿಪ್ಪು ಸವೆದಿತ್ತು. ಎಡಗೈಯ ಮೇಲೆ, ಕಾದ ಗಾಜು ತಾಗಿ ಚರ್ಮ ಮುದುರಿದ ಒಂದು ಕಲೆ. ಮೊದಲ ಪಾಳಿಯ ಅಭ್ಯಾಸ ಬಿಡದೆ, ಕೆಲಸವಿಲ್ಲದಿದ್ದರೂ ನಾಲ್ಕೂವರೆಗೆ ಕಣ್ಣು ಬಿಡುತ್ತಿದ್ದ. ಎದ್ದು ಮಾಡುವುದೇನೂ ಇರಲಿಲ್ಲ. ಟೀ ಕಾಯಿಸುವುದು, ಬಾಗಿಲು ತೆರೆದಿಟ್ಟುಕೊಂಡು ಪೇಪರಿಗೆ ಕಾಯುವುದು.

ಹೇಳಿಕೊಳ್ಳಲು ಅವನ ಹತ್ತಿರ ಒಂದೇ ಕತೆಯಿತ್ತು. ಆದರೆ ಗಟ್ಟಿ ಕತೆ. ಮುಷ್ಕರದ ನಲವತ್ತೊಂದನೆಯ ದಿನ ಆಡಳಿತದವರು ಮಾತುಕತೆಗೆ ಕರೆದರು. ಕಾಯಂ ಕೆಲಸಗಾರರಿಗೆ ಕೇಳಿದ್ದಕ್ಕಿಂತ ಒಂದು ತೂಕ ಹೆಚ್ಚೇ ಕೊಡುತ್ತೇವೆಂದು ಕಾಗದ ಮುಂದಿಟ್ಟರು. ಹಸಿದ ಜನ, ಎಲ್ಲರ ಕೈ ಪೆನ್ನಿನ ಕಡೆ ಹೋಯಿತು. ಇವನೊಬ್ಬ ಕಾಗದ ಮುಟ್ಟದೆ ಕೇಳಿದ, "ಇದು ಯಾರ ಜೇಬಿನಿಂದ ಬರ್ತಾ ಇದೆ ಸ್ವಾಮಿ?" ಮ್ಯಾನೇಜರ್ ಉತ್ತರ ಹೇಳದೆ ತಲೆಯ ಮೇಲಿನ ಫ್ಯಾನು ನೋಡಿದ. ಆ ನೋಟವೇ ಉತ್ತರ. ಲಾರಿಗೆ ಬಾಟಲಿ ಪೆಟ್ಟಿಗೆ ಹೇರುವ ಗುತ್ತಿಗೆ ಜನರ ಕೂಲಿ ಕಡಿದು ಇವರಿಗೆ ಬಡಿಸಲು ಹೊರಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಲೆಕ್ಕ. ಲೀಡರ್ ಸಹಿ ಹಾಕದೆ ಎದ್ದು ಬಂದ. ತನ್ನವರಿಂದಲೇ ಉಗಿಸಿಕೊಂಡ. ಮತ್ತೆ ಒಂಬತ್ತು ದಿನ ಗೇಟಿನ ಮುಂದೆ ಕೂತ ಮೇಲೆ, ಮೊದಲು ತೋರಿಸಿದ್ದಕ್ಕಿಂತ ಕಡಿಮೆಗೆ ಒಪ್ಪಂದವಾಯಿತು. ಹೇರುವವರ ಕೂಲಿ ಮಾತ್ರ ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಆಡಳಿತ ಏನಾದ್ರೂ ಕೊಟ್ರೆ ಹಲ್ಲು ಕಿರೀಬೇಡಿ, ಯಾರ ಜೇಬಿನಿಂದ ಅಂತ ಕೇಳಿ." ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕಟ್ಟಡದ ಮಕ್ಕಳು ಮಿಠಾಯಿ ಕೊಟ್ಟರೂ ಹಾಗೆ ಕೇಳಿ ನಗುತ್ತಿದ್ದವು.

ಈ ಕತೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಪೇಪರ್ ಹಾಕುವವಳು. ನಲವತ್ತರ ಆಸುಪಾಸಿನ ಹೆಂಗಸು, ಎಲ್ಲರ ಬಾಯಲ್ಲೂ ಪೇಪರಮ್ಮ. ಸೈಕಲ್ಲನ್ನು ಗೇಟಿಗೆ ಒರಗಿಸಿ, ಹೆಗಲಿಗೆ ಚೀಲ ಏರಿಸಿ, ಕೆಳಗಿನಿಂದ ಒಂದೊಂದೇ ಬಾಗಿಲಿಗೆ ಹಾಕುತ್ತಾ ಆರು ಗಂಟೆಯ ಹೊತ್ತಿಗೆ ನಾಲ್ಕನೆಯ ಮಹಡಿಗೆ ಬರುತ್ತಿದ್ದಳು. ಲಿಫ್ಟಿಲ್ಲದ ಕಟ್ಟಡ. ಕೊನೆಯ ಬಾಗಿಲು ಲೀಡರನದು. ಅಷ್ಟು ಹೊತ್ತಿಗೆ ಚೀಲವೂ ಖಾಲಿ, ಉಸಿರೂ ಖಾಲಿ. ಮೇಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಲೀಡರ್ ಸ್ಟೀಲ್ ಲೋಟದಲ್ಲಿ ಟೀ ತಂದು ಕೊಡುತ್ತಿದ್ದ.

"ಇವತ್ತೇನಮ್ಮ ವಿಶೇಷ?"

"ಏನಿದೆ ಅಣ್ಣ, ಮುಂದಿನ ಪುಟ ಪೂರ್ತಿ ಮಂಚದ ಜಾಹೀರಾತು. ಸುದ್ದಿ ಎಲ್ಲ ಮಂಚದ ಕೆಳಗೆ ಹೋಗಿದೆ."

ಐದು ನಿಮಿಷ, ಹೆಚ್ಚೆಂದರೆ ಏಳು. ಆ ಹೊತ್ತಿನಲ್ಲಿ ಅವನು ಕಾರ್ಖಾನೆಯ ಮಾತು ತೆಗೆಯುತ್ತಿದ್ದ, ಅವಳು ಕೇಳುತ್ತಿದ್ದಳು. ಫ್ಯಾನು ನೋಡಿದ ಮ್ಯಾನೇಜರನ ಭಾಗ ಬಂದಾಗ ಅವಳೂ ತಲೆಯೆತ್ತಿ ಮೆಟ್ಟಿಲ ಚಾವಣಿ ನೋಡಿ ನಗಿಸುತ್ತಿದ್ದಳು. ಗಂಡನಿಲ್ಲದ ಹೆಂಗಸು, ತಂಗಿಯ ಜೊತೆ ಇದ್ದಳು. ಅದಕ್ಕಿಂತ ಹೆಚ್ಚು ಲೀಡರ್ ಕೇಳಿದವನಲ್ಲ, ಅವಳು ಹೇಳಿದವಳಲ್ಲ.

ಡಿಸ್ಕೌಂಟಿನ ಕತೆ ಶುರುವಾದದ್ದು ಟೀವಿಯಿಂದ. ಸಿನಿಮಾ ತೋರಿಸುವ ಒಂದು ಕಂಪನಿಗೆ ಹೆಂಡತಿ ಚಂದಾ ಕಟ್ಟಿಸಿದ್ದಳು. ಇದ್ದಕ್ಕಿದ್ದಂತೆ ಬೆಲೆ ಏರಿತು. ಲೀಡರಿಗೆ ರೇಗಿತು. "ಹೇಳದೆ ಕೇಳದೆ ಏರಿಸೋಕೆ ಇವರಪ್ಪನ ಮನೇನಾ?" ಎಂದು ಫೋನ್ ಮಾಡಿ ಚಂದಾ ನಿಲ್ಲಿಸಿ ಎಂದ. ಆ ಕಡೆಯ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, ತಾವು ನಮ್ಮ ಹಳೆಯ ಗ್ರಾಹಕರು, ತಮಗಾಗಿ ಒಂದು ತಿಂಗಳು ಕಾಲು ಭಾಗ ಕಡಿಮೆ ಮಾಡುತ್ತೇನೆ ಅಂದಳು. ಲೀಡರಿಗೆ ಏನು ಹೇಳಬೇಕೋ ಹೊಳೆಯದೆ ಸುಮ್ಮನಾದ. ಆ ಮೌನಕ್ಕೆ ಹುಡುಗಿ ಗಾಬರಿಯಾಗಿ, ಮೂರು ತಿಂಗಳು ಅರ್ಧ ಬೆಲೆ ಅಂದಳು.

ಅವನ ಮೈಯಲ್ಲಿ ಹಳೆಯ ರಕ್ತ ಹರಿದಾಡಿತು. ಇದು ಅವನಿಗೆ ಗೊತ್ತಿದ್ದ ಆಟ. ಉದ್ದ ಮೇಜಿನ ಎರಡೂ ಬದಿಗೆ ಕೂತು ಆಡಿದ ಆಟ. ಎದ್ದು ಹೋಗುತ್ತೇನೆ ಅಂದಾಗ ಮಾತ್ರ ಎದುರಿನವನ ಕುರ್ಚಿ ಕಿರುಗುಟ್ಟುವ ಆಟ. ಒಂಬತ್ತು ವರ್ಷ ತುಕ್ಕು ಹಿಡಿದಿದ್ದ ಕತ್ತಿಗೆ ಮತ್ತೆ ಕೆಲಸ ಸಿಕ್ಕಿತು.

ಒಂದು ತಿಂಗಳಲ್ಲಿ ಅವನ ಮನೆಯ ಬಾಗಿಲು ಸಣ್ಣ ಯೂನಿಯನ್ ಆಫೀಸಾಯಿತು. ಭಾನುವಾರ ಬೆಳಗ್ಗೆ ಜನ ಫೋನು ಹಿಡಿದು ಬರುತ್ತಿದ್ದರು. ಇಂಟರ್ನೆಟ್ಟಿನವರದು, ನೀರಿನ ಯಂತ್ರದವರದು, ವ್ಯಾಯಾಮ ಶಾಲೆಯವರದು. ಲೀಡರ್ ಕಾಸು ಮುಟ್ಟುತ್ತಿರಲಿಲ್ಲ. ಪಾಠ ಮಾತ್ರ ಹೇಳುತ್ತಿದ್ದ.

"ಸಿಟ್ಟು ಮಾಡ್ಬಾರ್ದು. ಸಿಟ್ಟು ಮಾಡಿದವನು ಸೋತ ಹಾಗೆ. ಕಾರಣ ಒಂದೇ ಹೇಳ್ಬೇಕು, ಎರಡು ಹೇಳಿದ್ರೆ ಅದ್ರಲ್ಲಿ ಒಂದನ್ನ ಹಿಡ್ಕೊಂಡು ಜಗ್ತಾರೆ. ಮೊದಲು ಕೊಡೋದು ಗುಮಾಸ್ತ ಕೊಡೋದು, ಅದನ್ನ ತಗೋಬಾರ್ದು. ಅವರು ಕೊಡ್ತೀವಿ ಅಂದ ಮೇಲೆ ಸುಮ್ಮನೆ ಹತ್ತು ಉಸಿರು ಎಣಿಸಿ. ಹತ್ತಾದ ಮೇಲೆ 'ಇಷ್ಟೇನಾ?' ಅನ್ನಿ. ಅಷ್ಟೇ. ಬೇರೆ ಒಂದು ಮಾತಾಡ್ಬೇಡಿ."

ಎರಡನೆಯ ಮಹಡಿಯ ಕಾಂಪೌಂಡರ್ ಅವನ ಮುಖ್ಯ ಶಿಷ್ಯ. ಡಾಕ್ಟರೊಬ್ಬರ ಹತ್ತಿರ ಔಷಧಿ ಕಟ್ಟಿಕೊಡುತ್ತಾ ಆಯುಷ್ಯ ಕಳೆದ ಮನುಷ್ಯ. ಮಾತ್ರೆಯನ್ನು ಅರ್ಧ ಮುರಿದು ಕಟ್ಟಿ ರೂಢಿಯಾಗಿ, ಯಾವುದರ ಬೆಲೆ ಕೇಳಿದರೂ ಅರ್ಧಕ್ಕೆ ಮುರಿಯಬೇಕು ಅನ್ನಿಸುವ ಕೈ. "ಹತ್ತು ಉಸಿರು ಕಾಯೋಕೆ ಆಗಲ್ಲ ಲೀಡರೇ, ಏಳಕ್ಕೇ ಬಾಯಿ ಬಿಟ್ಬಿಡ್ತೀನಿ" ಎಂದು ಪೇಚಾಡುತ್ತಿದ್ದ. ಪೇಪರಿನ ಮಾತು ತೆಗೆದವನೂ ಅವನೇ.

ಆ ವರ್ಷವೇ ಪೇಪರ್ ಕಂಪನಿ ವ್ಯವಸ್ಥೆ ಬದಲಾಯಿಸಿತ್ತು. ಮೊದಲೆಲ್ಲ ತಿಂಗಳ ಮೊದಲ ವಾರ ಪೇಪರಮ್ಮನೇ ಬಾಗಿಲಿಗೆ ಬಂದು ದುಡ್ಡು ತೆಗೆದುಕೊಂಡು ಹೋಗುತ್ತಿದ್ದಳು. ಈಗ ಜನ ಫೋನಿನಲ್ಲೇ ನೇರವಾಗಿ ಕಂಪನಿಗೆ ಚಂದಾ ಕಟ್ಟಬೇಕು. ಹಾಕುವವರಿಗೆ ಕಂಪನಿ ಕಮಿಷನ್ ಕಳಿಸುತ್ತದೆ.

"ಅಂದ್ರೆ ಇದಕ್ಕೂ ನಿಲ್ಲಿಸೋ ನಂಬರ್ ಒಂದು ಇರ್ಬೇಕಲ್ಲ?" ಅಂದ ಕಾಂಪೌಂಡರ್. ಅವನ ಕಣ್ಣು ಹೊಳೆಯಿತು.

ಇತ್ತು. ಲೀಡರ್ ಈ ಸಲ ಒಬ್ಬನಿಗಾಗಿ ಕೇಳಲಿಲ್ಲ. ಹದಿನಾರು ಮನೆಗಳಲ್ಲಿ ಹನ್ನೆರಡು ಮನೆಯವರ ಪಟ್ಟಿ ಬರೆದುಕೊಂಡ. "ಕಟ್ಟಡಕ್ಕೆ ಕಟ್ಟಡವೇ ಬಿಡ್ತಾ ಇದೀವಮ್ಮ" ಅಂದ. ಕಾಂಪೌಂಡರ್ ಪಕ್ಕದಲ್ಲಿ ಕೂತು ಉಸಿರು ಎಣಿಸುತ್ತಾ ಬೆರಳು ಮಡಿಚುತ್ತಿದ್ದ. ಹತ್ತನೆಯ ಬೆರಳು ಮಡಿಚಿದಾಗ ಲೀಡರ್, "ಇಷ್ಟೇನಾ?" ಅಂದ. ಹನ್ನೆರಡು ಮನೆಗೂ ಒಂದು ವರ್ಷ ಅರ್ಧ ಬೆಲೆ.

ಯಾರ ಜೇಬಿನಿಂದ ಎಂದು ಅವನು ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಗೆದ್ದ ಅಮಲಿನಲ್ಲಿ ಇಡೀ ಮೆಟ್ಟಿಲಿಗೆ ಕೇಳುವಂತೆ ನಕ್ಕ. ಕಾಂಪೌಂಡರ್ ಪೇಪರಿನದೇ ಒಂದು ಟೋಪಿ ಮಾಡಿ ಅವನ ತಲೆಗಿಟ್ಟ.

ಮರುದಿನ ಬೆಳಗ್ಗೆ ಪೇಪರಮ್ಮ ಮೆಟ್ಟಿಲ ಮೇಲೆ ಕೂತಾಗ ಅವನಿಗೆ ತಡೆಯಲಾಗಲಿಲ್ಲ.

"ನಿಮ್ಮ ಕಂಪನೀನ ನಿನ್ನೆ ಮಂಡಿ ಊರಿಸ್ದೆ ಕಣಮ್ಮ. ಹನ್ನೆರಡು ಮನೆಗೆ ಅರ್ಧ! ಫೋನಲ್ಲೇ!"

"ಹೌದಾ ಅಣ್ಣ?"

"ಹೂಂ ಮತ್ತೆ. ಇವರನ್ನೆಲ್ಲ ಹೀಗೇ ಹಿಡೀಬೇಕು."

ಅವಳು ಲೋಟ ನೋಡುತ್ತಾ ಕೂತಳು. ಅವನು ಹತ್ತು ಉಸಿರಿನ ವಿಷಯ ವಿವರಿಸಿದ. ಅವಳು ನಗಲಿಲ್ಲ. ಟೀ ಅರ್ಧಕ್ಕೇ ಬಿಟ್ಟು, ಹೊತ್ತಾಯಿತು ಎಂದು ಇಳಿದು ಹೋದಳು. ಟೀಗೆ ಸಕ್ಕರೆ ಕಡಿಮೆಯಾಗಿತ್ತೇನೋ ಅಂದುಕೊಂಡ ಲೀಡರ್. ಐವತ್ತು ದಿನ ಮ್ಯಾನೇಜರನ ಹುಬ್ಬಿನ ಪ್ರತಿ ಕೊಂಕನ್ನೂ ಓದಿದವನಿಗೆ, ಒಂದು ಮೊಳ ದೂರದಲ್ಲಿ ಕೂತ ಹೆಂಗಸಿನ ಮುಖ ಓದಲಾಗಲಿಲ್ಲ.

ಆ ತಿಂಗಳು ಅವಳು ಕೂತಳು. ಮಾತು ಕಡಿಮೆಯಾಯಿತು. ಎರಡನೆಯ ತಿಂಗಳು ಕೂರುವುದು ನಿಂತಿತು. ಪೇಪರ್ ಬಾಗಿಲ ಸಂದಿಗೆ ಸಿಕ್ಕಿಸಿ, ಟೀ ಬೇಡ ಅಣ್ಣ ಎಂದು ಮೆಟ್ಟಿಲಿಳಿಯುತ್ತಲೇ ಹೇಳುತ್ತಿದ್ದಳು. ಮೂರನೆಯ ತಿಂಗಳು ಪೇಪರ್ ಬರುವುದೇ ತಡವಾಯಿತು. ಆರು ಹೋಗಿ ಏಳಾಯಿತು, ಏಳು ಹೋಗಿ ಏಳೂವರೆ. ಲೀಡರ್ ಕಾಯಿಸಿಟ್ಟ ಟೀ ಆರಿ, ಕೆನೆ ಕಟ್ಟಿ, ಕೊನೆಗೆ ಅವನ ಹೊಟ್ಟೆಗೇ ಹೋಗುತ್ತಿತ್ತು.

ಕಾಂಪೌಂಡರಿಗೆ ಇದು ಹಬ್ಬ. "ತಡ ಆಗ್ತಿದೆ ಅನ್ನೋದು ಒಳ್ಳೇ ಕಾರಣ ಲೀಡರೇ. ಇದನ್ನ ಹಿಡ್ಕೊಂಡು ಇನ್ನೊಂದು ಸಲ ನಿಲ್ಲಿಸ್ತೀವಿ ಅನ್ನೋಣ. ಕಾಲು ಭಾಗಕ್ಕೆ ಇಳೀಬಹುದು."

"ಮೊದಲು ಅವಳನ್ನ ಕೇಳೋಣ ಇರಿ" ಅಂದ ಲೀಡರ್.

ಮರುದಿನ ಅವನು ಮೊಣಕಾಲು ಹಿಡಿದುಕೊಂಡು ಕೆಳಗೆ ಇಳಿದು, ಗೇಟಿನ ಹತ್ತಿರ ನಿಂತ. ಏಳೂಕಾಲಿಗೆ ಸೈಕಲ್ ಬಂತು. ಹಿಂದಿನ ಕ್ಯಾರಿಯರಿನಲ್ಲಿ ಒಂದರ ಬದಲು ಎರಡು ಚೀಲ, ಒಂದು ಆಗಲೇ ಖಾಲಿ. ಅವಳ ಸೆರಗೆಲ್ಲ ಬೆವರಿನಿಂದ ಒದ್ದೆ.

"ಯಾಕಮ್ಮ ಇಷ್ಟು ಹೊತ್ತು? ಜನ ಗೊಣಗ್ತಾ ಇದಾರೆ."

"ರೈಲ್ವೆ ಗೇಟಿನ ಆಚೆ ಪೇಪರ್ ಹಾಕೋ ಇನ್ನೊಂದು ಲೈನ್ ಹಿಡಿದಿದೀನಿ ಅಣ್ಣ. ಅದು ಮುಗಿಸ್ಕೊಂಡು ಬರ್ಬೇಕು."

"ಮೊದಲು ಇಲ್ಲಿ ಹಾಕಿ ಆಮೇಲೆ ಹೋಗ್ಬಾರ್ದಾ?"

ಅವಳು ಚೀಲ ಹೆಗಲಿಗೇರಿಸುತ್ತಾ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು. "ಆ ಕಡೆ ಮನೆಯವರು ಪೂರ್ತಿ ಬೆಲೆ ಕೊಡ್ತಾರೆ. ನನಗೂ ಪೂರ್ತಿ ಕಮಿಷನ್ ಬರತ್ತೆ. ಪೂರ್ತಿ ಕೊಡೋರಿಗೆ ಮೊದಲು ಹಾಕ್ಬೇಕಲ್ಲ."

"ಅಂದ್ರೆ?"

"ಅಂದ್ರೆ ಏನು ಅಂದ್ರೆ? ಅರ್ಧ ಬೆಲೆ ಮನೆಗೆ ಅರ್ಧ ಕಮಿಷನ್. ಮೆಟ್ಟಿಲು ಮಾತ್ರ ಪೂರ್ತಿ."

ಲೀಡರ್ ಗೇಟಿನ ಸರಳು ಹಿಡಿದುಕೊಂಡ. "ಯಾರು ಹೇಳಿದ್ರು ನಿನಗೆ ಹಾಗಂತ?"

"ಯಾರು ಹೇಳ್ಬೇಕು? ಬೇರೆ ಲೈನಿನೋರಿಗೆ ಹೀಗೆ ಆಗಿದ್ದು ಮೊದಲೇ ಗೊತ್ತಿತ್ತು. ನನಗೂ ಮೊದಲನೇ ತಿಂಗಳೇ ಮುರ್ಕೊಂಡು ಕಳ್ಸಿದ್ರು. ಚೀಟೀಲಿ ಬರೆದಿತ್ತು. ಗ್ರಾಹಕರನ್ನು ಉಳಿಸಿಕೊಳ್ಳುವ ರಿಯಾಯಿತಿ, ವಿತರಕರ ಪಾಲಿನ ಕಡಿತ."

"ನನಗ್ಯಾಕೆ ಹೇಳಲಿಲ್ಲ ನೀನು?"

ಈಗ ಅವಳು ಅವನ ಮುಖ ನೋಡಿದಳು. "ನಿಮಗೆ ಏನಂತ ಹೇಳ್ಲಿ ಅಣ್ಣ? ಯಾರ ಜೇಬಿಂದ ಅಂತ ಕೇಳದೆ ಸಹಿ ಹಾಕೋ ಮನುಷ್ಯ ನಾನಲ್ಲ ಅಂತ ಆ ಮೆಟ್ಟಿಲ ಮೇಲೆ ನೂರು ಸಲ ಹೇಳಿದೋರು ನೀವು. ಕೇಳಿರ್ತೀರಿ, ಗೊತ್ತಿರತ್ತೆ ಅಂದ್ಕೊಂಡೆ. ಬಾಟಲಿ ಹೇರೋರು ನಿಮ್ಮ ಕಾರ್ಖಾನೆ ಜನ, ನಾನು ಹೊರಗಿನೋಳು, ಅದಕ್ಕೆ ಈ ಸಲ ಸಹಿ ಹಾಕಿದ್ರು ಅಂದ್ಕೊಂಡೆ. ಒಂದು ತಿಂಗಳು ಕೂತ್ಕೊಂಡು ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನೀವು ಆ ಹತ್ತು ಉಸಿರಿಂದೇ ಮಾತಾಡಿದ್ರಿ."

"ನನಗೆ ಗೊತ್ತಿರಲಿಲ್ಲ ಕಣಮ್ಮ."

ಅವಳು ಚೀಲದ ಪಟ್ಟಿ ಸರಿಮಾಡಿಕೊಂಡಳು. "ಗೊತ್ತಿದ್ದು ಮಾಡಿದ್ರಿ ಅಂತ ಮೂರು ತಿಂಗಳು ಮನಸ್ಸಲ್ಲೇ ಬೈದೆ. ಗೊತ್ತಿಲ್ಲದೆ ಮಾಡಿದ್ರಿ ಅಂದ್ರೆ, ಅದಕ್ಕೆ ಏನಂತ ಬೈಯೋದೋ ನನಗೂ ಗೊತ್ತಾಗ್ತಿಲ್ಲ." ಅಷ್ಟು ಹೇಳಿ ಮೆಟ್ಟಿಲು ಹತ್ತಿದಳು.

ಲೀಡರ್ ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದ. ಅವಳು ಬಟ್ಟೆ ಮಡಿಚುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ಹಗುರವಾಗುತ್ತಿತ್ತು.

"ನಿಮಗೆ ಆ ಪ್ರಶ್ನೆ ಕೇಳೋಕೆ ಎದುರಿಗೊಂದು ಮ್ಯಾನೇಜರ್ ಮುಖ ಬೇಕಿತ್ತು ಕಣ್ರೀ" ಅಂದಳು ಅವಳು, ಮಡಿಕೆ ಸರಿಮಾಡುತ್ತಾ. "ಫೋನಲ್ಲಿ ಯಾರೂ ಫ್ಯಾನ್ ನೋಡಲ್ಲ."

ಆ ಮಧ್ಯಾಹ್ನವೇ ಲೀಡರ್ ಕಂಪನಿಗೆ ಫೋನ್ ಹಚ್ಚಿದ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಂದು ಹುಡುಗಿಯ ಬೆಣ್ಣೆಯಂಥ ದನಿ ಬಂತು.

"ನಮಸ್ಕಾರ ಸರ್. ಚಂದಾ ನಿಲ್ಲಿಸೋಕೆ ಕಾರಣ ತಿಳ್ಕೋಬಹುದಾ?"

"ನಿಲ್ಲಿಸ್ತಾ ಇಲ್ಲಮ್ಮ. ನನ್ನ ಡಿಸ್ಕೌಂಟ್ ತೆಗೀರಿ."

"ಡಿಸ್ಕೌಂಟ್ ಸಾಲಲ್ಲ ಅಂತೀರಾ ಸರ್?"

"ಸಾಲಲ್ಲ ಅಂತಲ್ಲ ತಾಯಿ, ಬೇಡ ಅಂತೀನಿ. ಪೂರ್ತಿ ದುಡ್ಡು ತಗೊಳ್ಳಿ. ಪೇಪರ್ ಹಾಕೋಳಿಗೆ ಪೂರ್ತಿ ಕಮಿಷನ್ ಕೊಡಿ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಮತ್ತೆ ಶುರುವಾಯಿತು. "ಸರ್, ನನ್ನ ಮುಂದೆ ಅಂಥ ಬಟನ್ ಇಲ್ಲ."

"ಮತ್ತೆ ಯಾವ ಬಟನ್ ಇದೆ?"

"ನಿಲ್ಲಿಸೋದು ಇದೆ ಸರ್. ಉಳಿಸ್ಕೊಳ್ಳೋದು ಇದೆ. ನೀವು ನಿಲ್ಲಿಸಿ, ಒಂದು ತಿಂಗಳು ಬಿಟ್ಟು ಪೂರ್ತಿ ಬೆಲೆಗೆ ಹೊಸದಾಗಿ ಸೇರ್ಕೋಬಹುದು."

"ಆ ಒಂದು ತಿಂಗಳು ಅವಳಿಗೆ?"

"ಆ ಮನೆ ಅವರ ಲೈನಿಂದ ಹೋಗತ್ತೆ ಸರ್. ಲೈನಲ್ಲಿ ಮನೆ ಕಡಿಮೆಯಾದ್ರೆ ಆ ಲೈನನ್ನ ಪಕ್ಕದ್ದಕ್ಕೆ ಸೇರಿಸ್ತಾರೆ."

ಲೀಡರಿಗೆ ಮಾತು ಹೊರಡಲಿಲ್ಲ. ಇದು ಅವನು ಕಲಿಸಿದ ಮೌನವಲ್ಲ, ನಿಜವಾದದ್ದು. ಆದರೆ ಆ ಕಡೆಯವರಿಗೆ ಎಲ್ಲ ಮೌನವೂ ಒಂದೇ.

"ನಿಮ್ಮ ಬೇಸರ ಅರ್ಥ ಆಗತ್ತೆ ಸರ್. ನಿಮಗೋಸ್ಕರ ಒಂದು ತಿಂಗಳು ಫ್ರೀ ಹಾಕ್ತಾ ಇದೀನಿ."

"ಅಯ್ಯೋ, ಹಾಕ್ಬೇಡ!"

"ಹಾಕಾಯ್ತು ಸರ್."

ಅವನು ಹಣೆ ಒತ್ತಿಕೊಂಡ. "ಮಗಳೇ, ಒಂದು ಮಾತು ಹೇಳು. ಈ ಫ್ರೀ ತಿಂಗಳು ಯಾರ ಜೇಬಿನಿಂದ?"

ಹುಡುಗಿ ದನಿ ತಗ್ಗಿಸಿದಳು. ಬೆಣ್ಣೆ ಕರಗಿ, ಕೆಳಗಿನ ಪಾತ್ರೆ ಕಾಣಿಸಿತು. "ಅದು ನನಗೆ ಗೊತ್ತಿಲ್ಲ ಸರ್. ದಿನಕ್ಕೆ ಇಷ್ಟು ಜನರನ್ನ ಉಳಿಸ್ಕೊಳ್ಳದೆ ಹೋದ್ರೆ ನನ್ನ ಜೇಬಿನಿಂದ ಹೋಗತ್ತೆ. ಅಷ್ಟು ಗೊತ್ತು."

ಮೂರು ತಿಂಗಳು ತಡವಾಗಿ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ ಅದು. ಫೋನ್ ಇಟ್ಟ ಮೇಲೆ ಅವನಿಗೆ ಇನ್ನೊಂದು ನೆನಪಾಯಿತು. ಟೀವಿಯವರದು, ನೀರಿನವರದು, ವ್ಯಾಯಾಮ ಶಾಲೆಯವರದು. ಎಷ್ಟು ಭಾನುವಾರ, ಎಷ್ಟು ಫೋನು. ಯಾವುದರಲ್ಲೂ ಕೇಳಿರಲಿಲ್ಲ.

ಭಾನುವಾರ ಮೆಟ್ಟಿಲ ಹತ್ತಿರ ಹನ್ನೆರಡು ಮನೆಯವರನ್ನು ಸೇರಿಸಿದ. ಬಹಳ ವರ್ಷಗಳ ಮೇಲೆ ಸಭೆಗೆ ನಿಂತು ಮಾತಾಡಿದ. ನಡೆದದ್ದನ್ನು ಮುಚ್ಚಿಡದೆ ಹೇಳಿದ. ಕಂಪನಿ ತೆಗೆದುಕೊಳ್ಳದ ಅರ್ಧವನ್ನು ನಾವೇ ಸೇರಿಸಿ ತಿಂಗಳು ತಿಂಗಳು ಅವಳ ಕೈಗೆ ಕೊಡೋಣ ಅಂದ. ಜನ ಗೋಡೆ ನೋಡಿದರು, ಚಪ್ಪಲಿ ನೋಡಿದರು.

"ಪಾಪ ನಿಜ" ಅಂದಳು ಒಬ್ಬಳು. ಪಾಪ ಅನ್ನಲು ಕಾಸು ಖರ್ಚಿಲ್ಲ.

ಕಾಂಪೌಂಡರ್ ಗಂಟಲು ಸರಿ ಮಾಡಿಕೊಂಡ. "ತಪ್ಪು ತಿಳೀಬೇಡಿ ಲೀಡರೇ. ಕಂಪನಿ ಅನ್ಯಾಯ ಮಾಡಿದ್ರೆ ನಾವ್ಯಾಕೆ ದಂಡ ಕಟ್ಟೋದು? ನಾವೇನು ಕದ್ದಿದೀವಾ? ನೀವು ಹೇಳ್ಕೊಟ್ಟ ಹಾಗೆ ಮಾಡಿದ್ವಿ."

"ಹೇಳ್ಕೊಟ್ಟಿದ್ದು ನಾನೇ. ತಪ್ಪೂ ನಂದೇ. ಅದಕ್ಕೇ ಈಗ ತಿದ್ಕೊಳ್ಳೋಣ ಅಂತ."

"ನೀವು ತಿದ್ಕೊಳ್ಳಿ. ಬೇಡ ಅಂದೋರು ಯಾರು?"

ಯಾರೋ ನಕ್ಕರು. ಮೇಜಿನಾಚೆ ಮಾಲೀಕ ಕೂತಿದ್ದರೆ ಲೀಡರಿಗೆ ಮಾತು ಸಿಗುತ್ತಿತ್ತು. ಮೆಟ್ಟಿಲ ಮೇಲೆ ತನ್ನವರೇ ಕೂತಿದ್ದರು. ಅವರ ಮೇಲೆ ಧಿಕ್ಕಾರ ಕೂಗಲು ಅವನಿಗೆ ಬಾರದು. ಸಭೆ ಕರಗಿತು. ಕೊನೆಗೆ ಕೊಟ್ಟವರು ಮೂರು ಮನೆ, ಅವನದನ್ನೂ ಸೇರಿಸಿ. ಅವನು ತನ್ನ ಪಿಂಚಣಿಯಿಂದ ಇನ್ನಷ್ಟು ಹಾಕಿ ಒಂದು ಲಕೋಟೆಗೆ ತುಂಬಿದ. ಹೆಂಡತಿ ಕೇಳದೆಯೇ ಒಂದು ನೋಟು ತಂದು ಅದರೊಳಗೆ ತುರುಕಿದಳು.

ಮರುದಿನ ಬೆಳಗ್ಗೆ ಬಾಗಿಲಲ್ಲಿ ಪೇಪರಮ್ಮ ಲಕೋಟೆ ತೆಗೆದುಕೊಂಡಳು. ಬಿಚ್ಚಿ ನೋಡಲಿಲ್ಲ.

"ಬೇಡ ಅನ್ನೋಷ್ಟು ಸೊಕ್ಕು ನನಗಿಲ್ಲ ಅಣ್ಣ. ಆದ್ರೆ ಇದನ್ನ ಎಷ್ಟು ತಿಂಗಳು ಕೊಡ್ತೀರಿ?"

ಅವನು ಮನಸ್ಸಿನಲ್ಲೇ ಪಿಂಚಣಿಯ ಲೆಕ್ಕ ಹಾಕಿದ.

"ಇದು ದಾನ ಆಯ್ತು. ದಾನ ಕೊಡೋರನ್ನ ಕಂಡ್ರೆ ನೀವೇ ಬೈತಿದ್ರಿ. ದುಡಿದಿದ್ದನ್ನ ಕೊಡಲ್ಲ, ದಾನ ಮಾತ್ರ ಕೊಡ್ತಾರೆ ಅಂತ." ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು, "ಆಸ್ಪತ್ರೆ ಅಡುಗೆಮನೇಲಿ ಪಾತ್ರೆ ತೊಳೆಯೋ ಕೆಲಸ ಸಿಕ್ಕಿದೆ. ಮುಂದಿನ ತಿಂಗಳಿಂದ ಪೇಪರ್ ಬಿಡ್ತೀನಿ."

"ಯಾವ ಆಸ್ಪತ್ರೆ? ಗುತ್ತಿಗೆನಾ, ಕಾಯಂನಾ?" ಅವನ ಬಾಯಿಂದ ತಾನಾಗಿಯೇ ಹೊರಟಿತು.

"ಗುತ್ತಿಗೆ." ಅವಳು ನಕ್ಕಳು. ಮೂರು ತಿಂಗಳಲ್ಲಿ ಅದೇ ಮೊದಲ ನಗು. ಅದರಲ್ಲಿ ಹಳೆಯ ಸಲುಗೆ ಇರಲಿಲ್ಲ. "ಹದಿನಾಲ್ಕು ವರ್ಷ ಹಾಕಿದೀನಿ ಅಣ್ಣ. ಬಿಡ್ತೀನಿ ಅಂತ ಹೇಳಿ ಬಂದೆ. ಕಂಪನಿಯೋರು ಒಂದು ಮಾತು ಕೇಳಲಿಲ್ಲ. ಯಾಕೆ ಬಿಡ್ತೀಯ ಅಂತಾನೂ ಕೇಳಲಿಲ್ಲ. ನಾನೂ ಹತ್ತು ಉಸಿರು ಎಣಿಸ್ದೆ. ಅಷ್ಟರಲ್ಲಿ ಚೀಲ ವಾಪಸ್ ಕೊಡು ಅಂದ್ರು."

ಲೀಡರ್ ಟೀ ತರುತ್ತೇನೆ ಅಂದ. ಅವಳು ಕೂತಳು. ಅವನು ಒಳಗೆ ಹೋಗಿ ಬರುವವರೆಗೂ ಕೂತೇ ಇದ್ದಳು. ಟೀ ಪೂರ್ತಿ ಕುಡಿದು ಲೋಟ ಮೆಟ್ಟಿಲ ಮೇಲೆ ಬೋರಲು ಹಾಕಿ ಎದ್ದಳು. ಕ್ಷಮಿಸು ಅನ್ನುವ ಪದ ಅವನ ನಾಲಿಗೆಯ ತುದಿವರೆಗೂ ಬಂದಿತ್ತು. ಮಾಲೀಕರ ಬಾಯಿಂದ ಆ ಪದವನ್ನು ಎಷ್ಟೋ ಸಲ ಕೇಳಿದ್ದ. ಯಾವತ್ತೂ ಅದರ ಹಿಂದೆ ಏನೂ ಬಂದದ್ದು ಕಂಡಿರಲಿಲ್ಲ. ಅದಕ್ಕೇ ನುಂಗಿಕೊಂಡ. ನುಂಗಿಕೊಂಡದ್ದು ಸರಿಯೋ ತಪ್ಪೋ ಎಂದು ಆಮೇಲೆ ಎಷ್ಟೋ ದಿನ ತಲೆ ಕೆಡಿಸಿಕೊಂಡ.

ಮುಂದಿನ ತಿಂಗಳಿಂದ ಪೇಪರನ್ನು ಒಂದು ವ್ಯಾನಿನವನು ತರತೊಡಗಿದ. ಅವನು ಇಳಿಯುವುದೇ ಇಲ್ಲ. ಕಟ್ಟನ್ನು ಗೇಟಿನೊಳಗೆ ಎಸೆದು ಹೋಗುತ್ತಾನೆ. ಬೇಕಾದವರು ಇಳಿದು ಬಂದು ಎತ್ತಿಕೊಳ್ಳಬೇಕು.

ಲೀಡರಿಗೆ ಈಗಲೂ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಕೂತು ಮಾಡುವುದೇನು ಎಂದು ಅವನೇ ಮೆಲ್ಲಗೆ ಕೆಳಗಿಳಿದು ಕಟ್ಟು ಬಿಚ್ಚುತ್ತಾನೆ. ಹನ್ನೆರಡು ಪೇಪರನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ಬಾಗಿಲಿಗೆ ಸಿಕ್ಕಿಸುತ್ತಾ ಹತ್ತುತ್ತಾನೆ. ಯಾರೂ ಹೇಳಿದ್ದಲ್ಲ. ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಮೊಣಕಾಲು ಕೂಗಿಕೊಳ್ಳುತ್ತದೆ. ಅಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾನೆ. ಹದಿನಾಲ್ಕು ವರ್ಷ ಅವಳು ಚೀಲ ಹೊತ್ತು ಹತ್ತಿದ ಮೆಟ್ಟಿಲು ಒಟ್ಟು ಎಂಬತ್ತನಾಲ್ಕು. ಈಗ ಎಣಿಸಿದ. ಅವಳು ಹತ್ತುತ್ತಿದ್ದಾಗ ಎಣಿಸಿರಲಿಲ್ಲ.

ಮಂಡಿ ಹಿಡಿದುಕೊಂಡು ಹೊತ್ತು ಮೀರಿ ಇಳಿದ ಒಂದು ದಿನ ಹಾಗೆ ಎರಡನೆಯ ಮಹಡಿಯಲ್ಲಿ ನಿಂತಿದ್ದಾಗ, ಕಾಂಪೌಂಡರನ ಬಾಗಿಲ ಹಿಂದಿನಿಂದ ದನಿ ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದ. ಸಿಟ್ಟಿಲ್ಲ, ಅವಸರವಿಲ್ಲ, ಕಾರಣ ಒಂದೇ.

"ಪೇಪರ್ ಬಾಗಿಲಿಗೆ ಬರ್ತಾ ಇಲ್ಲಮ್ಮ, ಗೇಟಿನ ಹತ್ರ ಎಸೆದು ಹೋಗ್ತಾರೆ. ಅದಕ್ಕೆ ಚಂದಾ ನಿಲ್ಲಿಸ್ಬೇಕು ಅಂತಿದೀನಿ."

ಆ ಕಡೆಯ ಹುಡುಗಿ ಏನೋ ಹೇಳಿರಬೇಕು. ಕಾಂಪೌಂಡರ್ ಸುಮ್ಮನಾದ.

ಲೀಡರ್ ಆ ಬಾಗಿಲಿಗೆ ಸಿಕ್ಕಿಸಬೇಕಾದ ಪೇಪರನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಬಾಗಿಲು ಬಡಿಯಬಹುದಿತ್ತು. ಬಡಿದು ಹೇಳುವುದೇನು? ಒಳಗಿದ್ದದ್ದು ಅವನದೇ ದನಿ. ಬೇಡವೆಂದರೂ ಅವನ ಎದೆ ಉಸಿರು ಎಣಿಸತೊಡಗಿತು. ಆರು. ಏಳು. ಏಳಕ್ಕೆ ಬಾಯಿ ಬಿಟ್ಟುಬಿಡುತ್ತಾನೆ ಅಂದುಕೊಂಡ. ಬಿಡಲಿ ಎಂದು ಆಸೆಪಟ್ಟ. ಎಂಟು. ಒಂಬತ್ತು.

ಶಿಷ್ಯ ಚೆನ್ನಾಗಿ ಕಲಿತಿದ್ದ. ಹತ್ತು ಪೂರ್ತಿ ಮುಗಿಸಿ, ಮೆಲ್ಲಗೆ ಅಂದ, "ಇಷ್ಟೇನಾ?"